ಕಟ್ಟಿದವನೇ ಬಿಚ್ಚಬೇಕು

ಜನವರಿ 12

ಫಿಸಿಯೋಥೆರಪಿ ಮೇಡಂ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಮಂಡಿ ಎಷ್ಟು ಮಡಿಚಿತು, ನೋವು ಹತ್ತಕ್ಕೆ ಎಷ್ಟು, ದಿನಾ ಬರೆಯಬೇಕಂತೆ. ಮನೆಯಲ್ಲಿ ಖಾಲಿ ಪುಸ್ತಕ ಇರಲಿಲ್ಲ. ಹೆಂಡತಿ ನಮ್ಮ ಅಂಗಡಿಯ ತಪಾಸಣೆ ಪುಸ್ತಕವೊಂದನ್ನು ತಂದುಕೊಟ್ಟಳು. ಇಪ್ಪತ್ತೇಳು ವರ್ಷ ತೂಕದ ಯಂತ್ರ ರಿಪೇರಿ ಮಾಡಿದವನಿಗೆ ಇದೇ ಸರಿ. ಪ್ರತಿ ಪುಟದಲ್ಲೂ 'ದೋಷ', 'ದುರಸ್ತಿ' ಎಂದು ಅಚ್ಚಾಗಿದೆ.

ದೋಷ: ಎಡ ತೊಡೆಯ ಮೂಳೆ ಎರಡು ತುಂಡು. ಸೊಂಟದ ಮೂಳೆ ಮೂರು ಕಡೆ ಮುರಿತ.
ದುರಸ್ತಿ: ತೊಡೆಯೊಳಗೆ ಒಂದು ಸರಳು, ಸೊಂಟಕ್ಕೆ ಎರಡು ಪ್ಲೇಟು, ಹನ್ನೊಂದು ಸ್ಕ್ರೂ. ಎಡಗಾಲನ್ನು ಎಂಟು ವಾರ ನೆಲಕ್ಕೆ ಊರುವಂತಿಲ್ಲ.

ದುರಸ್ತಿ ಮಾಡಿದವರ ಹೆಸರು ಬರೆಯಲು ಜಾಗವಿದೆ. ದೋಷ ಮಾಡಿದವರ ಹೆಸರಿಗೆ ಜಾಗವಿಲ್ಲ.

ಮಂಡಿ 40 ಡಿಗ್ರಿ. ನೋವು 7.

ಜನವರಿ 15

ಪರವಾನಗಿ ಕಚೇರಿಯಿಂದ ಪತ್ರ ಬಂದಿದೆ. ಏಪ್ರಿಲ್ 9ಕ್ಕೆ ಅಪಘಾತದ ವಿಚಾರಣೆ. ಬರಲಾಗದಿದ್ದರೆ ಲಿಖಿತ ಹೇಳಿಕೆ ಕಳಿಸಬಹುದಂತೆ. ಕಳಿಸುವುದಿಲ್ಲ. ನನ್ನ ಕಾಲ ಮೇಲೆ ನಡೆದು ಹೋಗಿ, ಅವನ ಎದುರು ನಿಂತು ಹೇಳುತ್ತೇನೆ. ಅವನು ಎಂದರೆ ಅಣ್ಣ. ಒಮ್ಮೆ ಬರೆದೆ, ಸಾಕು.

ಆಗ ಹೇಳಬೇಕಾದುದನ್ನು ಈಗಲೇ ಬರೆದಿಡುತ್ತೇನೆ. ಲಾರಿ ತೂಗುವ ಯಂತ್ರದ ಕೆಳಗೆ ಆಳೆತ್ತರದ ಗುಂಡಿ ಇರುತ್ತದೆ. ರಿಪೇರಿಗೆ ಅದರೊಳಗೆ ಇಳಿಯಬೇಕು. ಅಪ್ಪ ಮಾಡಿದ ನಿಯಮ ಒಂದಿದೆ. ಇಳಿಯುವವನು ತನ್ನ ಕೆಂಪು ಬಟ್ಟೆಯನ್ನು ಲಾರಿ ತಡೆಯುವ ಕಂಬಕ್ಕೆ ಕಟ್ಟಬೇಕು. ಕಟ್ಟಿದವನೇ ಮೇಲೆ ಬಂದು ಬಿಚ್ಚಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಬಟ್ಟೆ ಇದ್ದರೆ ಒಳಗೆ ಮನುಷ್ಯನಿದ್ದಾನೆ, ಇಲ್ಲದಿದ್ದರೆ ಇಲ್ಲ. ಕೂಗುವುದು, ಎಣಿಸುವುದು, ಬಗ್ಗಿ ನೋಡುವುದು ಯಾವುದೂ ಬೇಡ ಎನ್ನುತ್ತಿದ್ದ ಅಪ್ಪ. ಕೂಗು ಲಾರಿ ಸದ್ದಿಗೆ ಕೇಳುವುದಿಲ್ಲ, ಬಟ್ಟೆ ಕಾಣುತ್ತದೆ.

ಡಿಸೆಂಬರ್ 20ರಂದು ಒಂದು ಗೋದಾಮಿನ ಅಂಗಳದಲ್ಲಿ ನಾನು ಬಟ್ಟೆ ಕಟ್ಟಿ ಇಳಿದೆ. ಕಟ್ಟಿದ್ದು ನೆನಪಿದೆ, ಗಂಟು ಸಹ ನೆನಪಿದೆ. ಏಣಿ ಹತ್ತಿ ಒಂದು ಕಾಲು ನೆಲಕ್ಕೆ ಇಟ್ಟಿದ್ದೆ. ಅವನು ಲಾರಿಗೆ ಹಿಂದೆ ಬಾ ಎಂದು ಕೈ ಬೀಸಿದ. ಲಾರಿಯ ಹಿಂಬದಿ ನನ್ನನ್ನು ಪಕ್ಕದ ಗೋಡೆಗೆ ಒತ್ತಿತು. 'ಬಟ್ಟೆ ಇರಲಿಲ್ಲ' ಎಂದು ಅವನು ಹೇಳಿಕೆ ಬರೆದುಕೊಟ್ಟಿದ್ದಾನೆ.

ನನ್ನ ಮಾತು ನಿಂತರೆ ಅವನ ಪರವಾನಗಿ ಹೋಗುತ್ತದೆ, ಅಂಗಡಿಯ ಬಾಗಿಲು ಮುಚ್ಚುತ್ತದೆ. ಹೋಗಲಿ.

ಜನವರಿ 19

ಅವನು ದಿನ ಬಿಟ್ಟು ದಿನ ಸಂಜೆ ಬರುತ್ತಾನೆ. ನಾನು ಕೋಣೆಯ ಬಾಗಿಲು ಹಾಕಿಸುತ್ತೇನೆ. ಬಾಗಿಲು ತೆಳ್ಳಗಿದೆ, ಎಲ್ಲಾ ಕೇಳುತ್ತದೆ.

"ಹೇಗಿದಾನಮ್ಮ?"

"ಹಾಗೇ ಇದಾರೆ ಭಾವ."

"ಏನಾದ್ರೂ ಕೇಳಿದ್ನಾ?"

"ನಿಮ್ಮ ವಿಷಯಾನಾ?"

"ಅಂಗಡಿ ವಿಷಯ."

"ಇಲ್ಲ."

ಆಮೇಲೆ ಅವನೇ, "ಕಮೋಡಿನ ಪಕ್ಕ ಹಿಡ್ಕೊಳ್ಳೋಕೆ ಒಂದು ಸರಳು ಹಾಕ್ಬೇಕು. ನಾಡಿದ್ದು ಡ್ರಿಲ್ ತರ್ತೀನಿ. ಸದ್ದಾಗುತ್ತೆ, ಅವನಿಗೆ ಹೇಳಿರು" ಎಂದ.

ಮಂಡಿ 50. ನೋವು 7.

ಜನವರಿ 21

ಸರಳು ಹಾಕಿ ಹೋಗಿದ್ದಾನೆ. ಎಂಟು ಬೋಲ್ಟು. ನನ್ನ ಶಕ್ತಿಯೆಲ್ಲ ಹಾಕಿ ಜಗ್ಗಿದೆ, ಅಲ್ಲಾಡಲಿಲ್ಲ. ಎತ್ತರ ನನ್ನ ಮೊಣಕೈಗೆ ಸರಿಯಾಗಿದೆ. ಅಳತೆ ಯಾವಾಗ ತೆಗೆದುಕೊಂಡನೋ ಗೊತ್ತಿಲ್ಲ. ಬೋಲ್ಟು ಬಿಗಿಯುವುದರಲ್ಲಿ ಎತ್ತಿದ ಕೈ. ಕಂಬದ ಕಡೆ ಒಮ್ಮೆ ಕಣ್ಣೆತ್ತಿದ್ದರೆ ಈ ಸರಳೇ ಬೇಕಿರಲಿಲ್ಲ.

ಫೆಬ್ರವರಿ 3

ಎದುರು ಕಟ್ಟಡದವರ ನಾಯಿಗೆ ಪಾದದಲ್ಲಿ ಗಾಯವಾಗಿದೆ. ಮೂರು ಕಾಲಲ್ಲಿ ಓಡುತ್ತದೆ, ಸೈಕಲ್ ಕಂಡರೆ ಬೆನ್ನಟ್ಟುತ್ತದೆ. ನಾಲ್ಕರಲ್ಲಿ ಒಂದನ್ನು ಎತ್ತಿಟ್ಟುಕೊಳ್ಳುವುದು ಯಾವ ದೊಡ್ಡ ವಿಷಯ. ಎರಡರಲ್ಲಿ ಒಂದನ್ನು ಎತ್ತಿ ತೋರಿಸಲಿ.

ಮಂಡಿ 70. ನೋವು 6.

ಫೆಬ್ರವರಿ 17

ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಳ್ಳುತ್ತಿದೆ ಎಂದರು. ಎಡಗಾಲಿನ ಮೇಲೆ ಹತ್ತು ಕಿಲೋ ಹಾಕಲು ಅಪ್ಪಣೆ ಸಿಕ್ಕಿತು. ಜಾಸ್ತಿ ಹಾಕಿದರೆ ಸ್ಕ್ರೂ ಸಡಿಲವಾಗಬಹುದು, ಏನೂ ಹಾಕದಿದ್ದರೆ ಮೂಳೆ ಗಟ್ಟಿಯಾಗುವುದಿಲ್ಲ.

"ಹತ್ತು ಕಿಲೋ ಅಂದ್ರೆ ಎಷ್ಟು ಅಂತ ಕಾಲಿಗೆ ಗೊತ್ತಾಗಲ್ಲ ಸಾರ್. ಕಲಿಸ್ಬೇಕು" ಎಂದರು ಮೇಡಂ. "ಎರಡು ತೂಕದ ಯಂತ್ರ ಬೇಕು. ಒಂದೊಂದು ಕಾಲು ಒಂದೊಂದರ ಮೇಲೆ. ನಿಮ್ಮ ಮನೇಲಿ ತೂಕದ ಯಂತ್ರಕ್ಕೇನು ಬರ ಬಿಡಿ."

ಒಂದೂ ಇರಲಿಲ್ಲ. ಹೆಂಡತಿ ಯಾರಿಗೆ ಫೋನ್ ಮಾಡಿದಳೆಂದು ಕೇಳುವ ಅಗತ್ಯವಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಬಂದವು. ಎರಡಕ್ಕೂ ಕೆಳಗೆ ಚೀಟಿ ಅಂಟಿಸಿದೆ, ಅವನ ಗುಂಡು ಅಕ್ಷರ: 'ತಪಾಸಣೆ ಫೆ. 16. ಮರುತಪಾಸಣೆ ಮೇ 16.' ಎಕ್ಸ್‌ರೇ ಇಂದು ತೆಗೆದದ್ದು. ಯಂತ್ರ ನಿನ್ನೆಯೇ ಸಿದ್ಧವಾಗಿತ್ತು.

ಫೆಬ್ರವರಿ 18

ಅವನ ಯಂತ್ರವನ್ನು ನಂಬಿ ಕಾಲಿಡಲು ಮನಸ್ಸಾಗಲಿಲ್ಲ. ಅಪ್ಪನ ಕಾಲದ ಇಪ್ಪತ್ತು ಕಿಲೋ ತೂಕದ ಕಲ್ಲೊಂದು ನಮ್ಮ ಬಾಗಿಲಿಗೆ ಅಡ್ಡ ಇರುತ್ತದೆ. ಹೆಂಡತಿಗೆ ಅದನ್ನು ಎತ್ತಿ ಇಡಲು ಹೇಳಿದೆ.

"ನಿಮಗೇನು ಹುಚ್ಚಾ? ನನ್ನ ಸೊಂಟಾನೂ ಮುರೀಲಿ ಅಂತಾನಾ?"

"ಒಂದೇ ಸಲ."

ಎತ್ತಿಟ್ಟಳು. ಆ ಕಲ್ಲು ಸವೆದು ಐವತ್ತು ಗ್ರಾಂ ಕಡಿಮೆ ಇದೆ. ಅದು ನನಗೂ ಅವನಿಗೂ ಮಾತ್ರ ಗೊತ್ತು. ಯಂತ್ರ 19.95 ತೋರಿಸಿತು. ಎರಡನೆಯದೂ 19.95.

"ಸಮಾಧಾನ ಆಯ್ತಾ?" ಎಂದಳು.

ಆಗಲಿಲ್ಲ. ಎಡಗಾಲು 10. ನೋವು 5.

ಮಾರ್ಚ್ 3

ಇಪ್ಪತ್ತು ಕಿಲೋಗೆ ಅಪ್ಪಣೆಯಾಗಿದೆ. ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದಾಗ ಮೂವತ್ತೊಂದು ಹಾಕಿದೆ. ಏಪ್ರಿಲ್ 9ಕ್ಕೆ ಇನ್ನು ಐದು ವಾರ. ಅಂಕಿ ಅವರ ಕಣ್ಣಿಗೆ ಬಿತ್ತು.

"ಸಾರ್, ಇಳಿಸಿ. ಇಳಿಸಿ ಅಂದೆ."

"ನೋವಿಲ್ಲ ಮೇಡಂ."

"ನೋವಿಲ್ಲ ಅಂತ ಮುಖ ಹೇಳ್ತಿಲ್ಲ. ಯಾರ ಮೇಲೆ ಸಿಟ್ಟು ನಿಮಗೆ? ಅವರ ಮೇಲೆ ತೀರಿಸ್ಕೊಳ್ಳಿ. ಈ ಕಾಲು ಏನು ಮಾಡಿದೆ ಪಾಪ?"

"ಅವರ ಮುಂದೆ ನಿಲ್ಲೋಕೇ ಕಾಲು ಬೇಕು."

"ನಿಂತು?"

ಕಾಲನ್ನು ಯಂತ್ರದಿಂದ ಇಳಿಸಿದೆ. ಅವರಿಗೆ ನನ್ನ ಮಗಳ ವಯಸ್ಸು, ಅಂದರೆ ನಮಗೆ ಮಗಳಿದ್ದಿದ್ದರೆ. ಬೆಲ್ಟು ಹಿಡಿದು ನನ್ನನ್ನು ನಿಲ್ಲಿಸುವಾಗ ಚೀಲ ಎತ್ತಿದಂತೆ ಎತ್ತುತ್ತಾರೆ.

ರಾತ್ರಿಯ ನೋವು 8. ಇದನ್ನು ಅವರಿಗೆ ತೋರಿಸುವ ಪುಟದಲ್ಲಿ 5 ಎಂದು ಬರೆದಿದ್ದೇನೆ. ತಪಾಸಣೆ ಪುಸ್ತಕದಲ್ಲಿ ಸುಳ್ಳು ಬರೆದದ್ದು ಇದೇ ಮೊದಲು.

ಮಾರ್ಚ್ 10

ಹೆಂಡತಿಯೊಂದಿಗೆ ಜಗಳವಾಯಿತು. ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ನನ್ನ ಕೆಂಪು ಬಟ್ಟೆಯ ಅಂಚನ್ನು ಕಪ್ಪು ದಾರದಲ್ಲಿ ಹೊಲಿದವಳು ಅವಳೇ, ಅವನದಕ್ಕೆ ಬಿಳಿ ದಾರ. ಇಂದು ಟೀ ಲೋಟ ಇಡುತ್ತಾ, "ಆ ಬಟ್ಟೆ ಎಲ್ಲಿ ಹೋಯ್ತು ಅಂತ ಯಾರೂ ಕೇಳ್ಲೇ ಇಲ್ಲ ನೋಡಿ" ಎಂದಳು.

"ಕಂಬದ ಮೇಲಿತ್ತು."

"ಇದ್ದಿದ್ದು ಎಲ್ಲಿ ಹೋಯ್ತು ಅಂತ ಕೇಳ್ತಿರೋದು."

"ಬಚ್ಚಿಟ್ಟಿರ್ತಾನೆ."

"ಭಾವಾನಾ?" ಎಂದು ನನ್ನನ್ನೇ ನೋಡಿದಳು. "ನಿಮ್ಮನ್ನ ಆಸ್ಪತ್ರೇಲಿ ಗಾಡಿಯಿಂದ ಇಳಿಸಿದಾಗ ಅವರ ಕೈಲಿ ಕರ್ಚೀಫ್ ಹಿಡಿಯೋಕೂ ಶಕ್ತಿ ಇರ್ಲಿಲ್ಲ. ನಾನು ನೋಡಿದೀನಿ, ನೀವು ನೋಡಿಲ್ಲ."

"ನೀನು ಯಾರ ಕಡೆ?"

"ನಾನು ಅಡುಗೆಮನೆ ಕಡೆ" ಎಂದು ಎದ್ದು ಹೋದಳು.

ಬಚ್ಚಿಟ್ಟೇ ಇದ್ದಾನೆ. ಇಲ್ಲದಿದ್ದರೆ ಎಲ್ಲಿದೆ?

ಮಾರ್ಚ್ 17

ಮೂವತ್ತೈದು ಕಿಲೋ. ಎರಡು ಊರುಗೋಲಲ್ಲಿ ಮೊದಲ ಸಲ ಮೆಟ್ಟಿಲಿಗೆ ಹೋದೆ. ನಮ್ಮದು ಮೊದಲನೇ ಮಹಡಿ, ಹನ್ನೊಂದು ಮೆಟ್ಟಿಲು. ಆಸ್ಪತ್ರೆಯಿಂದ ಬಂದ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವನೂ ಕೆಳಮನೆಯವರೂ ಹೊತ್ತು ತಂದಿದ್ದರು. ಎಕ್ಸ್‌ರೇಗೆ ಹೋಗಿ ಬಂದದ್ದೂ ಕುರ್ಚಿಯಲ್ಲೇ.

"ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು" ಎಂದು ಮೇಡಂ ಬಾಯಿಪಾಠ ಮಾಡಿಸಿದರು. ಮೂರು ಮೆಟ್ಟಿಲು ಇಳಿದು ಹತ್ತಿದೆ. ಬೆವರು ಕಿವಿಯೊಳಗೆ ಇಳಿಯಿತು.

ಮಂಡಿ 100. ನೋವು 4. ಇದು ನಿಜವಾದ 4.

ಮಾರ್ಚ್ 22

ಹೆಂಡತಿ ಕೆಲಸಕ್ಕೆ ಹೋದ ಮೇಲೆ ವಿಚಾರಣೆಗೆ ಹಾಕಿಕೊಳ್ಳುವ ಬೂಟು ಹುಡುಕಿದೆ. ಬೀರುವಿನ ಕೆಳಗಿನ ಅರೆಯಲ್ಲಿ ಬೂಟಿನ ಹಿಂದೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲವಿತ್ತು. ಕಟ್ಟಿದ ದಾರ ಹಾಗೆಯೇ ಇತ್ತು, ಅವಳು ಬಿಚ್ಚಿರಲಿಲ್ಲ. ಬೆಲ್ಟು ಅದರಲ್ಲಿ ಇರಬಹುದೆಂದು ನಾನು ಬಿಚ್ಚಿದೆ.

ಇದ್ದದ್ದು: ಅಂಗಿ, ಎದೆಯ ಮೇಲೆ ಕತ್ತರಿಸಿದ್ದು. ಬೆಲ್ಟು, ಕತ್ತರಿಸಿದ್ದು. ಬಲಗಾಲಿನ ಬೂಟು. ಪ್ಯಾಂಟು, ಎಡಗಾಲು ಪಾದದಿಂದ ಸೊಂಟದವರೆಗೆ ಕತ್ತರಿಸಿದ್ದು. ಬಲ ಜೇಬು ಹಾಗೆಯೇ ಇತ್ತು. ಜೇಬಿನಲ್ಲಿ ಹತ್ತನೇ ನಂಬರಿನ ಸ್ಪ್ಯಾನರ್. ಅದರ ಕೆಳಗೆ ಬಟ್ಟೆ, ಕೆಂಪು, ಕಪ್ಪು ದಾರದ ಅಂಚು.

ನಾಲ್ಕು ಮಡಿಕೆಯಾಗಿ ಮಡಿಚಿತ್ತು. ಕಂಬದಿಂದ ಬಿಚ್ಚಿದ ಮೇಲೆ ಮಾತ್ರ ನಾನು ಹಾಗೆ ಮಡಿಚುತ್ತೇನೆ. ಕಂಬದಿಂದ ಯಾರಾದರೂ ಕಿತ್ತದ್ದಾದರೆ ಮಡಿಚಿರುವುದಿಲ್ಲ, ನನ್ನ ಜೇಬಿನಲ್ಲೂ ಇರುವುದಿಲ್ಲ.

ಸ್ಪ್ಯಾನರ್ ಅನ್ನು ಗುಂಡಿಯಲ್ಲಿ ಏಣಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ. ಇಟ್ಟಿದ್ದು ನೆನಪಿದೆ. ತೆಗೆದುಕೊಂಡದ್ದು ನೆನಪಿಲ್ಲ.

ಚೀಲವನ್ನು ಮೊದಲಿದ್ದಂತೆ ಕಟ್ಟಿ ಇಟ್ಟೆ. ಬಟ್ಟೆ ಮತ್ತು ಸ್ಪ್ಯಾನರ್ ನನ್ನ ಹಾಸಿಗೆಯ ಕೆಳಗಿವೆ.

ಮಾರ್ಚ್ 23

ಮಂಡಿ 105. ನೋವು 4. ಎಡಗಾಲು 38.

ಮಾರ್ಚ್ 25

ಎಡಗಾಲು 40. ಅಣ್ಣ ಬಂದಿದ್ದ. ಬಾಗಿಲು ಹಾಕಲು ಹೇಳಲು ಮರೆತೆ. ಗೋಡೆಯ ಕಡೆ ತಿರುಗಿ ಮಲಗಿದೆ. ಬಾಗಿಲ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತ, ಒಳಗೆ ಬರಲಿಲ್ಲ. ಅವನ ಚಪ್ಪಲಿಯ ಒಂದು ಉಂಗುಷ್ಠ ಕಿತ್ತಿರಬೇಕು, ನಡೆದರೆ ಎಳೆಯುವ ಸದ್ದು ಬರುತ್ತದೆ.

ಮಾರ್ಚ್ 29

ಹೆಂಡತಿಯನ್ನು ಕೇಳಿದೆ: "ನನಗೆ ಎಷ್ಟು ಕೆಂಪು ಬಟ್ಟೆ ಹೊಲಿದುಕೊಟ್ಟಿದ್ದೆ?"

"ಒಂದು. ಯಾಕೆ?"

"ಎರಡು ಅಂದ್ಕೊಂಡಿದ್ದೆ."

"ಒಂದೇ. ಇನ್ನೊಂದು ಕೊಡ್ತೀನಿ ಅಂದ್ರೆ ನೀವೇ ಬೇಡ ಅಂದ್ರಿ. ಎರಡಿದ್ರೆ ಒಂದನ್ನ ಕಟ್ಟಿ ಒಂದನ್ನ ಮರೀತೀವಿ ಅಂತ."

ಹೇಗಿದ್ದರೂ ಅವನು ಬಗ್ಗಿ ನೋಡಬಹುದಿತ್ತು. ಬಟ್ಟೆ ಇರಲಿ ಬಿಡಲಿ, ತಮ್ಮ ಎಲ್ಲಿದ್ದಾನೆ ಎಂದು ನೋಡುವುದಕ್ಕೆ ನಿಯಮ ಬೇಕೆ? ಇದನ್ನೇ ವಿಚಾರಣೆಯಲ್ಲಿ ಹೇಳಿದರೆ ಸುಳ್ಳಾಗುವುದಿಲ್ಲ. ಬಟ್ಟೆಯ ಮಾತು ಎತ್ತದೆಯೂ ಹೇಳಬಹುದು.

ಐದು ಸಲ ಬರೆದು ನೋಡಿದೆ. ಪ್ರತಿ ಸಲವೂ ಎರಡನೇ ಸಾಲಿಗೆ ಬಟ್ಟೆ ಬಂದುಬಿಡುತ್ತದೆ.

ಏಪ್ರಿಲ್ 2

ಐವತ್ತು ಕಿಲೋ. ಒಂದೇ ಊರುಗೋಲು.

ಅಣ್ಣ ಇಂದು ನೇರ ಕೋಣೆಗೆ ಬಂದ. ಮೂರು ತಿಂಗಳಲ್ಲಿ ಮೊದಲ ಸಲ ಎದುರು ಕೂತ. ಕೆನ್ನೆ ಇಳಿದುಹೋಗಿದೆ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದಾನೆ.

"ಲೋ ಚಟಾಕು" ಎಂದ. ಸಣ್ಣವನಿದ್ದಾಗ ಅಂಗಡಿಯಲ್ಲಿ ಎಲ್ಲರಿಗಿಂತ ಚಿಕ್ಕ ತೂಕ ನನ್ನದು, ಆಗ ಅವನೇ ಇಟ್ಟ ಹೆಸರು. "ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡ. ನೀನು ಖಂಡಿತ ಕಟ್ಟಿದ್ಯಾ?"

ನಾನು ಹೊದಿಕೆ ಎಳೆದುಕೊಂಡೆ.

"ಬಿಡು. ಕೇಳಬಾರದಿತ್ತು. ನೀನು ಮರೆಯೋನಲ್ಲ, ಅದು ನನಗೆ ಗೊತ್ತಿಲ್ವಾ?" ಅಂಗೈಯಿಂದ ಮುಖ ಉಜ್ಜಿಕೊಂಡ. "ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ. ಕೆಂಪು ಬಣ್ಣ ಕಾಣುತ್ತಾ ಪರೀಕ್ಷೆ ಮಾಡಿ ಅಂದೆ. ಚುಕ್ಕಿ ಚುಕ್ಕಿ ಇರೋ ಪುಸ್ತಕ ತೋರಿಸಿದ್ರು. ಎಲ್ಲಾ ಸರಿ ಓದಿದೆ."

"ಸರಿ ಇದೆಯಲ್ಲ ಮತ್ತೆ" ಎಂದೆ. ಮೂರು ತಿಂಗಳಲ್ಲಿ ನಾನು ಅವನಿಗೆ ಆಡಿದ ಮೊದಲ ಮಾತು.

"ಸರಿ ಇರೋದೇ ತೊಂದರೆ. ಕಣ್ಣು ಕೆಟ್ಟಿದ್ರೆ ಅದರ ಮೇಲೆ ಹಾಕ್ಬಹುದಿತ್ತು. ದಿನಾ ಮಲಗೋ ಮುಂಚೆ ಆ ಕಂಬಾನ ನೆನೆಸ್ಕೋತೀನಿ ಕಣೋ. ಮೊದಲು ಖಾಲಿ ಕಾಣ್ತಿತ್ತು. ಈಗೀಗ ಬಟ್ಟೆ ಕಾಣೋಕೆ ಶುರುವಾಗಿದೆ."

ಬಟ್ಟೆ ನನ್ನ ಬೆನ್ನ ಕೆಳಗೆ, ಹಾಸಿಗೆಯ ಅಡಿಯಲ್ಲಿತ್ತು. ಬಾಯಿ ತೆರೆದರೆ ಮುಗಿಯುತ್ತಿತ್ತು. ಹೆಂಡತಿ ಟೀ ತಂದಳು. ಅವನು ಕುಡಿದು ಎದ್ದ. ಕಮೋಡಿನ ಸರಳನ್ನು ಒಮ್ಮೆ ಅಲ್ಲಾಡಿಸಿ ನೋಡಿ ಹೋದ.

ಏಪ್ರಿಲ್ 9

ಬೆಳಿಗ್ಗೆ ಅಣ್ಣನೇ ಬಂದು ಹೆಗಲು ಕೊಟ್ಟು ಇಳಿಸಿದ. "ಕೆಟ್ಟ ಕಾಲು ಮೊದಲು" ಎಂದು ನಾನು ಹೇಳಿಕೊಡಬೇಕಾಯಿತು. ಪ್ರತಿ ಮೆಟ್ಟಿಲಿಗೂ ಅವನೂ ಎಡಗಾಲನ್ನೇ ಮೊದಲು ಇಟ್ಟ. ಬಟ್ಟೆಯೂ ಸ್ಪ್ಯಾನರೂ ನನ್ನ ಜೇಬಿನಲ್ಲಿದ್ದವು. ಯಾಕೆ ಇಟ್ಟುಕೊಂಡೆನೆಂದು ಆಗ ಕೇಳಿದ್ದರೆ ನನಗೆ ಗೊತ್ತಿರಲಿಲ್ಲ.

ಕಚೇರಿಯ ಕೋಣೆ ಚಿಕ್ಕದು. ಅಧಿಕಾರಿಗೆ ನೆಗಡಿ, ಮೇಜಿನ ಮೇಲೆ ಮಡಿಚಿದ ಮೂರು ಕರವಸ್ತ್ರಗಳಿದ್ದವು. ಟೈಪ್ ಮಾಡಲು ಒಬ್ಬ ಗುಮಾಸ್ತ. ಜೊತೆಗೆ ಬಂದಿದ್ದ ಹೆಂಡತಿ ಬಾಗಿಲ ಬಳಿ ಕೂತಳು. ಪರವಾನಗಿ ಅಣ್ಣನ ಹೆಸರಿನಲ್ಲಿರುವುದರಿಂದ ಅವನ ಸರದಿ ಮೊದಲು.

"ಬಟ್ಟೆ ಇತ್ತು ಅಂತ ಬರ್ಕೊಳ್ಳಿ ಸಾರ್" ಎಂದ.

ಅಧಿಕಾರಿ ಕಡತ ತಿರುವಿದರು. "ಇರಲಿಲ್ಲ ಅಂತ ಬರೆದುಕೊಟ್ಟಿದೀರಲ್ರೀ?"

"ಆಗ ಹಾಗೆ ಅನ್ನಿಸಿತ್ತು. ನನ್ನ ತಮ್ಮ ಕಟ್ಟದೆ ಇಳಿಯೋನಲ್ಲ. ಅವನು ಕಟ್ಟಿದೀನಿ ಅಂದ್ರೆ ಕಟ್ಟಿರ್ತಾನೆ. ನಾನೇ ನೋಡಲಿಲ್ಲ."

"ಇದರ ಪರಿಣಾಮ ಏನು ಗೊತ್ತಲ್ಲ?"

"ಗೊತ್ತು ಸಾರ್."

ಗುಮಾಸ್ತ ಟೈಪ್ ಮಾಡತೊಡಗಿದ. ಎರಡು ಬೆರಳಲ್ಲಿ, ನಿಧಾನವಾಗಿ. ಒಂದೊಂದು ಅಕ್ಷರವೂ ಬೀಳುವುದು ಕೇಳುತ್ತಿತ್ತು.

ನಾನು ಎದ್ದೆ. ಅಧಿಕಾರಿ, "ಕೂತೇ ಹೇಳಿ, ಪರವಾಗಿಲ್ಲ" ಎಂದರು. ನಿಂತೇ ಹೇಳುತ್ತೇನೆ ಎಂದೆ. ಅದಕ್ಕಾಗಿಯೇ ಅಲ್ಲವೆ ಇಷ್ಟು ದಿನ ಕಿಲೋ ಲೆಕ್ಕದಲ್ಲಿ ನಿಂತದ್ದು. ಊರುಗೋಲನ್ನು ಕುರ್ಚಿಗೆ ಒರಗಿಸಿ ಬಟ್ಟೆಯನ್ನೂ ಸ್ಪ್ಯಾನರನ್ನೂ ಮೇಜಿನ ಮೇಲಿಟ್ಟೆ. ಕೆಲಸ ಮುಗಿಸಿ ಮೇಲೆ ಬಂದು ಬಟ್ಟೆ ಬಿಚ್ಚಿದ್ದೇನೆ, ಮಡಿಚಿ ಜೇಬಿಗೆ ಹಾಕಿದ್ದೇನೆ. ಮರೆತ ಸ್ಪ್ಯಾನರಿಗಾಗಿ ಮತ್ತೆ ಇಳಿದಿದ್ದೇನೆ, ಒಂದು ನಿಮಿಷಕ್ಕೆ ಯಾಕೆಂದು ಕಟ್ಟಿಲ್ಲ. ಕಂಬ ಖಾಲಿಯಿತ್ತು. ಅವನು ಕಂಬ ನೋಡಿಯೇ ಕೈ ಬೀಸಿದ. ಇಷ್ಟು ಹೇಳಿದೆ.

ಅಣ್ಣ ಬಟ್ಟೆಯನ್ನು ಮುಟ್ಟಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ತಿರುಗಿಸಿ ನೋಡಿದ.

"ಇದನ್ನ ಎಷ್ಟು ಹುಡುಕಿದೆ" ಎಂದ. ಆಮೇಲೆ, "ಯಾವತ್ತು ಸಿಕ್ತು?"

"ಹದಿನೆಂಟು ದಿನ ಆಯ್ತು."

ಅವನು ಲೆಕ್ಕ ಹಾಕುವುದು ನನಗೆ ಕಂಡಿತು. ಸಣ್ಣಂದಿನಿಂದಲೂ ಲೆಕ್ಕ ಹಾಕುವಾಗ ತುಟಿ ಅಲ್ಲಾಡುತ್ತದೆ.

"ನಾನು ಕಣ್ಣಿನ ವಿಷಯ ಹೇಳಿದಾಗ?"

"ಆಗಲೇ ಸಿಕ್ಕಿತ್ತು. ಹಾಸಿಗೆ ಕೆಳಗಿತ್ತು."

"ಅದರ ಮೇಲೇ ಮಲಗಿದ್ಯಲ್ಲ."

"ಹೂಂ."

ಅವನು ಸ್ಪ್ಯಾನರನ್ನು ತನ್ನ ಅಂಗಿ ಜೇಬಿಗೆ ಹಾಕಿಕೊಂಡ, ಅದು ಅಂಗಡಿಯದು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಅವನ ಪರವಾನಗಿಗೆ ತೊಂದರೆಯಿಲ್ಲ. ನಾನು ಒಂದು ವರ್ಷ ಗುಂಡಿಗೆ ಇಳಿಯುವಂತಿಲ್ಲ. ಅಧಿಕಾರಿ ಸೀನುತ್ತಾ, "ಅಣ್ಣತಮ್ಮಂದಿರು, ಮನೇಲೇ ಮಾತಾಡ್ಕೊಂಡಿದ್ರೆ ಆಗ್ತಿರ್ಲಿಲ್ವಾ?" ಎಂದರು. ಆ ಹೊತ್ತಿಗೆ ಅಣ್ಣ ಹೊರಗೆ ಹೋಗಿಯಾಗಿತ್ತು.

ಮನೆಯ ಹನ್ನೊಂದು ಮೆಟ್ಟಿಲನ್ನು ನಾನೇ ಹತ್ತಿದೆ. ಹೆಂಡತಿ ಹಿಂದೆ ಬಂದಳು, ಹಿಡಿಯಲಿಲ್ಲ. ಮೇಲೆ ಬಂದು ಬೀಗ ತೆಗೆಯುತ್ತಾ, "ಹದಿನೆಂಟು ದಿನ ಅದರ ಮೇಲೇ ಮಲಗಿದ್ರಾ?" ಎಂದಳು. ಹಾಸಿಗೆಯ ಹೊದಿಕೆ ಕಿತ್ತು ಒಗೆಯಲು ಹಾಕಿದಳು.

ಏಪ್ರಿಲ್ 14

ಪೂರ್ತಿ ಭಾರಕ್ಕೆ ಅಪ್ಪಣೆಯಾಯಿತು. ಎರಡೂ ಕಾಲಿನ ಮೇಲೆ ಸಮವಾಗಿ ನಿಂತೆ: ಎಡ 33, ಬಲ 33. ನನ್ನ ತೂಕ 66.

ಮೇಡಂ ಚಪ್ಪಾಳೆ ತಟ್ಟಿದರು. "ಇಷ್ಟು ಸಮ ನಿಂತವರನ್ನ ನಾನು ನೋಡೇ ಇಲ್ಲ ಸಾರ್. ಹೋಗಿ ನಿಲ್ಲಬೇಕಾದವರ ಮುಂದೆ ನಿಲ್ಲಿ ಇನ್ನು."

ನಿಂತಾಯಿತು ಎಂದೆ.

ನೋವು 2.

ಏಪ್ರಿಲ್ 27

ಅಣ್ಣ ಬರದೆ ಒಂಬತ್ತು ಸರದಿ. ಅಂಗಡಿಗೆ ಫೋನ್ ಮಾಡಿದರೆ ಅತ್ತಿಗೆ ಎತ್ತುತ್ತಾರೆ. "ಹೊರಗೆ ಹೋಗಿದಾರೆ" ಎನ್ನುತ್ತಾರೆ. ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿರುತ್ತದೆ.

ಮೇ 16

ಮರುತಪಾಸಣೆಯ ದಿನ. ಎರಡೂ ಯಂತ್ರಗಳನ್ನು ಒರೆಸಿ ಬಾಗಿಲ ಬಳಿ ಇಟ್ಟೆ. ಚಿಲಕ ಹಾಕಬೇಡ ಎಂದು ಹೆಂಡತಿಗೆ ಹೇಳಿದೆ. ಯಾರು ಬರ್ತಾರೆ ಅಂತ ಅವಳು ಕೇಳಲಿಲ್ಲ.

ಐದು ಗಂಟೆಗೆ ಅತ್ತಿಗೆ ಬಂದರು. ಕೂರಲಿಲ್ಲ.

"ಯಂತ್ರ ತಗೊಂಡು ಬಾ ಅಂದ್ರು."

"ನೋಡಿ ವಾಪಸ್ ಕಳಿಸ್ತಾನಾ?"

"ಅದೆಲ್ಲಾ ನನಗೆ ಹೇಳಿಲ್ಲಪ್ಪ. ನಿನಗೆ ಇನ್ನು ಬೇಕಾಗಲ್ಲ ಅಂದ್ರು."

ಅವರು ಬಗ್ಗುವಷ್ಟರಲ್ಲಿ ನಾನೇ ಎತ್ತಿಕೊಂಡೆ, ಕೈಗೊಂದರಂತೆ. ಊರುಗೋಲು ಬಿಟ್ಟು ಹತ್ತು ದಿನವಾಗಿದೆ, ಆದರೆ ಕೈಯಲ್ಲಿ ಭಾರ ಹಿಡಿದು ಮೆಟ್ಟಿಲು ಇಳಿದಿರಲಿಲ್ಲ. ಕೆಳಗೆ ಸ್ಕೂಟರ್ ನಿಂತಿತ್ತು. ಅಣ್ಣ ಇಳಿಯದೆ ಅದರ ಮೇಲೆಯೇ ಕೂತಿದ್ದ, ಬೆನ್ನು ನಮ್ಮ ಕಡೆಗೆ, ಎಂಜಿನ್ ಓಡುತ್ತಿತ್ತು.

ಕೆಟ್ಟ ಕಾಲು ಮೊದಲು. ಮೂರನೇ ಮೆಟ್ಟಿಲಿನಲ್ಲಿ ಸ್ಕೂಟರಿನ ಕನ್ನಡಿ ಕಂಡಿತು. ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಅದು ನನ್ನ ಮುಖದ ಮೇಲೆ ಇರಲಿಲ್ಲ. ನನ್ನ ಎಡ ಪಾದದ ಮೇಲಿತ್ತು. ಪಾದ ಇಳಿದಂತೆ ಕಣ್ಣೂ ಒಂದೊಂದು ಮೆಟ್ಟಿಲು ಇಳಿಯಿತು. ಹನ್ನೊಂದೂ ಆಗುವವರೆಗೆ ಒಮ್ಮೆಯೂ ಕದಲಲಿಲ್ಲ.

ನಾನು ನೆಲಕ್ಕೆ ಬಂದು "ಅಣ್ಣಾ" ಎಂದೆ. ಅವನು ಎಂಜಿನ್ ಆರಿಸಲಿಲ್ಲ, ತಿರುಗಲೂ ಇಲ್ಲ. ಅತ್ತಿಗೆ ಇಳಿದು ಬಂದು ಹಿಂದಿನ ಸೀಟಿನಲ್ಲಿ ಕೂತರು, ಯಂತ್ರಗಳನ್ನು ಅವರ ತೊಡೆಯ ಮೇಲೆ ಇಟ್ಟೆ. ಹೋದರು.

ಮೇಲೆ ಬಂದು ಬರೆಯುತ್ತಿದ್ದೇನೆ. ಮಂಡಿ 125. ನೋವು 1. ಎಡಗಾಲು ಎಷ್ಟು ಎಂದು ತೂಗಲು ಮನೆಯಲ್ಲಿ ಏನೂ ಇಲ್ಲ.